ಅನಸೂಯಮ್ಮನ ಗಂಭೀರ ಫ್ಲೆಕ್ಸು

ಮಾಸ್ತಿಯಿಂದ ಮಾಲೂರಿಗೆ ಹೋಗುವ ದಾರಿಯಲ್ಲಿ ಕಲ್ಲುಕುಂಟೆ ಎಂಬ ಊರಿದೆ. ಅಲ್ಲಿನ ಬಸ್‌ಸ್ಟಾಪಿನ ಎದುರಿಗೆ ಅನಸೂಯಮ್ಮನ ಟೈಲರ್ ಅಂಗಡಿ. ಊರಿನ ಜನ ಆ ಅಂಗಡಿಗೆ ಎರಡು ಸಂದರ್ಭಗಳಲ್ಲಿ ಹೋಗುತ್ತಾರೆ: ಬಟ್ಟೆ ಹರಿದಾಗ ಮತ್ತು ಹುಡುಗರು ಹೊಡೆದಾಡಿಕೊಂಡಾಗ. ಎರಡಕ್ಕೂ ಅನಸೂಯಮ್ಮ ಮೊದಲು ಕೇಳುವ ಪ್ರಶ್ನೆ ಒಂದೇ. ಶುರುವಾಗಿದ್ದು ಎಲ್ಲಿಂದ?

ಅನಸೂಯಮ್ಮನಿಗೆ ಐವತ್ತು ದಾಟಿದೆ. ಜಗಳ ಕೇಳುವುದೆಂದರೆ ಅವರಿಗೆ ಚಿಕ್ಕಂದಿನಿಂದಲೂ ಪ್ರಾಣ. ಹೊಲಿಗೆ ಮಿಷನ್ನನ್ನು ಒಳಗೆ ಟ್ಯೂಬ್‌ಲೈಟಿನ ಕೆಳಗೆ ಇಡದೆ ಬಾಗಿಲಿಗೇ ತಂದಿಟ್ಟುಕೊಂಡಿರುವುದು ಅದಕ್ಕಾಗಿಯೇ. ರಸ್ತೆಯಲ್ಲಿ ಯಾರದಾದರೂ ದನಿ ಏರಿದರೆ ಮಿಷನ್ನು ತಾನಾಗಿ ನಿಲ್ಲುತ್ತದೆ. ಗಂಡ ಮುನಿರಾಮಪ್ಪ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಈ ಚಟ ಬಿಡಿಸಲು ನೋಡಿ ಸೋತರು. ಆಮೇಲೆ ತಾವೇ ದಾರಿಯಲ್ಲಿ ಕಂಡ ಜಗಳಗಳನ್ನು ಮನೆಗೆ ತಂದು ಹೇಳತೊಡಗಿದರು. ಆದರೆ ಅವರ ವರದಿ ತೀರಾ ಬಡಕಲು. ‘ಬೈದಾಡ್ಕೊಂಡ್ರು, ಹೋದ್ರು’ ಎಂದರೆ ಮುಗಿಯಿತು. ಅನಸೂಯಮ್ಮನಿಗೆ ಅಷ್ಟು ಸಾಲದು. ಮೊದಲು ಬೈದವರು ಯಾರು, ಆಗ ಅವರ ಕೈಯಲ್ಲಿ ಏನಿತ್ತು, ಅಕ್ಕಪಕ್ಕ ನಿಂತು ನೋಡಿದವರು ಯಾರು, ಅವರೇಕೆ ಬಿಡಿಸಲಿಲ್ಲ, ಎಲ್ಲವೂ ಬೇಕು.

ಈ ಚಟವೇ ಒಂದು ದಿನ ಕೆಲಸವಾಯಿತು. ಸುತ್ತಲಿನ ಊರುಗಳಲ್ಲಿ ಹುಡುಗರು ಕ್ರಿಕೆಟ್ ಸ್ಟಂಪುಗಳನ್ನು ಕ್ರಿಕೆಟ್ಟಿಗಿಂತ ಹೆಚ್ಚಾಗಿ ಬೇರೆಯದಕ್ಕೆ ಬಳಸುತ್ತಿದ್ದ ಕಾಲ. ಕೋಲಾರದ ಒಂದು ಟ್ರಸ್ಟಿನಿಂದ ಮಾನಸ ಎಂಬ ಹುಡುಗಿ ಬಂದಳು. ಹೊಡೆದಾಡಿದವರನ್ನು ಎದುರುಬದುರು ಕೂರಿಸಿ ಮಾತಾಡಿಸಿ, ಕೆಟ್ಟದ್ದನ್ನು ಅವರ ಕೈಯಿಂದಲೇ ಸರಿಮಾಡಿಸುವುದು ಆ ಟ್ರಸ್ಟಿನ ಕೆಲಸ. ಅದಕ್ಕೆ ಊರಿಗೊಬ್ಬರು ಬೇಕಿತ್ತು. ಈ ಊರಿನಲ್ಲಿ ಎಲ್ಲರೂ ನಂಬುವವರು ಯಾರು ಎಂದು ಮಾನಸ ಪಂಚಾಯ್ತಿ ಕಟ್ಟೆಯಲ್ಲಿ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಹೋಗಲಿ, ಎಲ್ಲರ ವಿಷಯವೂ ಗೊತ್ತಿರುವವರು ಯಾರು ಎಂದಳು. ಅಲ್ಲಿದ್ದವರೆಲ್ಲ ಒಟ್ಟಿಗೆ ಟೈಲರ್ ಅಂಗಡಿಯ ಕಡೆ ಕೈ ತೋರಿಸಿದರು.

ಕೋಲಾರದಲ್ಲಿ ತರಬೇತಿಯಾಯಿತು. ಕೇಳಬೇಕಾದ ಪ್ರಶ್ನೆ ಮೂರೇ ಎಂದು ಅಲ್ಲಿ ಹೇಳಿಕೊಟ್ಟರು: ಏನಾಯ್ತು? ಯಾರಿಗೆ ನೋವಾಯ್ತು? ಅದನ್ನು ಸರಿಮಾಡುವುದು ಹೇಗೆ? ಒಂದು ನುಣುಪಾದ ಕಲ್ಲನ್ನೂ ಕೊಟ್ಟರು. ಕಲ್ಲು ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಅನಸೂಯಮ್ಮ ಕಲ್ಲನ್ನು ಅತ್ತಿತ್ತ ತಿರುಗಿಸಿ ನೋಡಿ, ಹೊಡೆದಾಡಿಕೊಂಡು ಬಂದವರ ಕೈಗೆ ನಾವೇ ಕಲ್ಲು ಕೊಡುವುದೇ ಎಂದು ಕೇಳಿದರು. ಊರಿಗೆ ಬಂದವರು ಕಲ್ಲಿನ ಬದಲು ತಮ್ಮ ಅಳತೆ ಟೇಪನ್ನು ಬಳಸಿದರು. ಟೇಪು ಕೊರಳಲ್ಲಿದ್ದವರದೇ ಮಾತು.

ಇನ್ನೊಂದು ಕ್ರಮವನ್ನು ಅವರೇ ಕಂಡುಕೊಂಡರು. ಸಿಟ್ಟಿನಲ್ಲಿರುವ ಹುಡುಗನ ಬಾಯಿಗಿಂತ ಅಪಾಯ ಅವನ ಖಾಲಿ ಕೈ. ಆದ್ದರಿಂದ ಕೇಳುತ್ತ ಕೂತವರ ಕೈಗೆ ಸೂಜಿದಾರ ಕೊಟ್ಟು ರವಿಕೆಗಳಿಗೆ ಹುಕ್ಕು ಹಾಕಲು ಹಚ್ಚುತ್ತಿದ್ದರು. ಸೂಜಿ ಹಿಡಿದವನು ಮುಷ್ಟಿ ಕಟ್ಟಲಾರ, ಕಟ್ಟಿದರೆ ಪೆಟ್ಟು ಅವನಿಗೇ. ಈ ವಿಧಾನದಿಂದ ಊರಿನಲ್ಲಿ ಹೊಡೆದಾಟ ಕಡಿಮೆಯಾಯಿತು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹೆಂಗಸರ ರವಿಕೆಗಳಲ್ಲಿ ಹುಕ್ಕುಗಳು ಒಂದು ಮೇಲೆ, ಒಂದು ಕೆಳಗೆ ಮುಖಮಾಡಿ ಕೂತಿದ್ದನ್ನೂ ಎಲ್ಲರೂ ಒಪ್ಪುತ್ತಾರೆ.

ಮಾನಸಳಿಗಿದ್ದ ದೂರು ಒಂದೇ. ಅನಸೂಯಮ್ಮ ಮೊದಲನೆಯ ಪ್ರಶ್ನೆಯಲ್ಲೇ ಮಧ್ಯಾಹ್ನ ಮಾಡಿಬಿಡುತ್ತಾರೆ. ಕಥೆ ಕೇಳುತ್ತ ಕೂತರೆ ಮೂರನೆಯದನ್ನು ಕೇಳಲು ಮರೆತೇ ಹೋಗುತ್ತಾರೆ. ಅವಳು ನೆನಪಿಸಿದಾಗಲೆಲ್ಲ ಅನಸೂಯಮ್ಮ ಹೌದೌದು ಎಂದು ಒಪ್ಪಿಕೊಂಡು, ಮತ್ತೆ ಅದೇ ರುಚಿಯಲ್ಲಿ ‘ಆಮೇಲೆ?’ ಎನ್ನುತ್ತಿದ್ದರು.

ಅಮರನಾಥ ಮತ್ತು ಆಂಜಿಯ ಜಗಳ ಬಂದದ್ದು ಹೋದ ವರ್ಷ. ಶುರುವಾದದ್ದು ಒಂದು ಟಗರಿನ ಹುಟ್ಟುಹಬ್ಬದಿಂದ.

ಡೇರಿ ಬೀದಿಯ ಹುಡುಗರು ಸೇರಿ ಸಾಕಿದ ಟಗರು ಅದು, ಹೆಸರು ರಾಕೆಟ್. ಬೀದಿಯ ಮುಂದಾಳು ಅಮರನಾಥ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆದು, ಓಟವನ್ನೂ ಪಾಸುಮಾಡಿ, ಆಯ್ಕೆಪಟ್ಟಿಯಲ್ಲಿ ಹೆಸರು ಕಂಡವನು. ಟ್ಯಾಂಕ್ ಬೀದಿಯ ಆಂಜಿ ಅವನ ಗೆಳೆಯ. ಆಂಜಿಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳು ತಿಂದು ಉಳಿದ ಹಿಪ್ಪುನೇರಳೆ ಸೊಪ್ಪನ್ನು ಅವನು ದಿನಾ ತಂದು ರಾಕೆಟ್ಟಿಗೆ ಹಾಕುತ್ತಿದ್ದ. ಹುಟ್ಟುಹಬ್ಬಕ್ಕೆ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸು ಕಟ್ಟಿಸುವುದೆಂದು ತೀರ್ಮಾನವಾಯಿತು. ಮಧ್ಯದಲ್ಲಿ ಕಿರೀಟ ಮತ್ತು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಟಗರು, ಸುತ್ತ ಶುಭ ಕೋರುವವರ ಫೋಟೊಗಳು. ಆಂಜಿ ತನ್ನ ಫೋಟೊ ಕಳಿಸುವುದು ತಡಮಾಡಿದ. ಅಷ್ಟರಲ್ಲಿ ಮಾಲೂರಿನ ಫ್ಲೆಕ್ಸ್ ಅಂಗಡಿಯ ನರೇಶ್ ಎಲ್ಲರನ್ನೂ ನಕ್ಷತ್ರಗಳೊಳಗೆ ಕೂರಿಸಿ ಮುಗಿಸಿದ್ದ. ಉಳಿದದ್ದು ಒಂದೇ ಜಾಗ, ರಾಕೆಟ್ಟಿನ ಎತ್ತಿದ ಬಾಲದ ನೇರ ಕೆಳಗೆ.

ಫ್ಲೆಕ್ಸು ಕಟ್ಟಿದ ಬೆಳಗ್ಗೆ ಊರೆಲ್ಲ ನಕ್ಕಿತು. ಸಂಜೆ ಆಂಜಿ ಬಂದು ಅದನ್ನು ಮೇಲಿಂದ ಕೆಳಗೆ ಹರಿದ. ಅಮರನಾಥ ತಡೆಯಲು ಹೋಗಿ ತಳ್ಳಿದ. ಆಂಜಿ ಹೋಗಿ ನೀಲಗಿರಿ ಕಂಬದ ಫ್ರೇಮಿನ ಮೇಲೆ ಬಿದ್ದು ಹುಬ್ಬು ಸೀಳಿಸಿಕೊಂಡ. ಮಾಲೂರಿಗೆ ಕರೆದೊಯ್ದು ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಎರಡೂ ಬೀದಿಯ ಹುಡುಗರು ಸ್ಟಂಪುಗಳನ್ನು ಹೊರಗೆ ತೆಗೆದಿದ್ದರು.

ಅನಸೂಯಮ್ಮ ಅವತ್ತು ಉಪದೇಶಕ್ಕೆ ಹೋಗಲಿಲ್ಲ. ಮನೆಮನೆಗೆ ಹೋಗಿ, ಸೀರೆಗಳಿಗೆ ಕುಚ್ಚು ಕಟ್ಟಬೇಕು, ಬಿಗಿಯಾಗಿ ಸುತ್ತಿಡಲು ನೇರವಾದ ಕೋಲು ಬೇಕು, ನಿಮ್ಮ ಸ್ಟಂಪು ಕೊಟ್ಟಿರಿ ಎಂದು ಹುಡುಗರ ತಾಯಂದಿರ ಎದುರಿಗೇ ಕೇಳಿದರು. ಸೀರೆಗಳು ಆ ತಾಯಂದಿರವೇ. ಕೊಡುವುದಿಲ್ಲ ಎನ್ನುವ ಧೈರ್ಯ ಯಾವ ಹುಡುಗನಿಗೂ ಬರಲಿಲ್ಲ. ಎರಡು ಬೀದಿಯ ಆಯುಧಗಳೂ ಟೈಲರ್ ಅಂಗಡಿಯ ಮೂಲೆ ಸೇರಿದವು.

ಆದರೆ ಆಂಜಿಯ ಅಜ್ಜಿ ದೊಡ್ಡಗಂಗಮ್ಮ ಆಗಲೇ ಠಾಣೆಗೆ ಹೋಗಿ ಅಮರನಾಥನ ಮೇಲೆ ಅರ್ಜಿ ಕೊಟ್ಟಾಗಿತ್ತು. ಮಗ ತೀರಿಕೊಂಡ ಮೇಲೆ ಆಂಜಿಯನ್ನು ಸಾಕಿದವರು ಅವರೇ. ಸಬ್‌ಇನ್‌ಸ್ಪೆಕ್ಟರು ಎರಡೂ ಕಡೆಯವರನ್ನು ಸೋಮವಾರ ಬರಹೇಳಿದರು. ಅಷ್ಟರಲ್ಲಿ ರಾಜಿಯಾದರೆ ಸರಿ, ಇಲ್ಲದಿದ್ದರೆ ಕಾನೂನಿನ ಪ್ರಕಾರ ಮುಂದುವರಿಯುತ್ತೇನೆ ಎಂದರು. ಅಮರನಾಥನ ನಡತೆಯ ತಪಾಸಣೆ ಅದೇ ಠಾಣೆಯಿಂದ ನಡೆಯಬೇಕಿತ್ತು. ಹೆಸರಿನ ಮೇಲೆ ಒಂದು ಕೇಸು ಕೂತರೆ ಕಾನ್‌ಸ್ಟೆಬಲ್ ಕೆಲಸದ ಆಸೆ ಬಿಡಬೇಕಾದದ್ದೇ. ಅವನು ಊಟ ಬಿಟ್ಟ. ಅವನ ತಾಯಿ ಅನಸೂಯಮ್ಮನ ಅಂಗಡಿಗೆ ಬಂದು ಹೊಲಿಸಲು ಏನೂ ಇಲ್ಲದೆ ಸುಮ್ಮನೆ ಕೂತರು.

ಅನಸೂಯಮ್ಮ ಎರಡೂ ಕಡೆಯವರನ್ನು ಅಂಗಡಿಯ ಚಪ್ಪರದ ಕೆಳಗೆ ಕೂರಿಸಿದರು. ಎಂದಿನಂತೆ ಮೊದಲನೆಯ ಪ್ರಶ್ನೆಯಲ್ಲಿ ಹೊತ್ತು ಕಳೆಯಿತು. ಟಗರಿಗೆ ಕಿರೀಟ ಹಾಕಬೇಕೆಂದು ಹೇಳಿದ್ದು ಯಾರು ಎಂಬುದರಿಂದ ಹಿಡಿದು ಎಲ್ಲವನ್ನೂ ಕೇಳಿದರು. ಅಮರನಾಥ ತಲೆ ತಗ್ಗಿಸಿ ಹುಕ್ಕು ಹಾಕುತ್ತಿದ್ದ. ಎರಡನೆಯ ಪ್ರಶ್ನೆಗೆ ಟೇಪು ಆಂಜಿಯ ಕೊರಳಿಗೆ ಬಂತು. ಹುಬ್ಬಿನ ಮೇಲಿನ ಪಟ್ಟಿಯನ್ನು ಮುಟ್ಟಿಕೊಂಡು ಅವನು ಹೇಳಿದ:

“ಇದು ನೋವಾಗ್ಲಿಲ್ಲ ಅಕ್ಕ. ಊರೋರು ನಗೋದು ಬಿಡು, ನಗ್ತಾರೆ. ಇವನೂ ನಕ್ಕ. ನಿಂತ್ಕೊಂಡು ಫೋಟೊ ತಕ್ಕೊಂಡ.”

ಅಮರನಾಥನ ಸೂಜಿ ನಿಂತಿತು. ಅವನಿಗೆ ಆ ಫೋಟೊ ನೆನಪಿತ್ತು. ಎಷ್ಟು ಜನಕ್ಕೆ ಕಳಿಸಿದ್ದ ಎಂಬುದೂ ನೆನಪಿತ್ತು. ತಾನಾಗಿ ಟೇಪು ಇಸಿದುಕೊಂಡು ಕೊರಳಿಗೆ ಹಾಕಿಕೊಂಡ. ‘ತಪ್ಪಾಯ್ತು ಕಣೋ’ ಎಂದ. ಫ್ಲೆಕ್ಸು ಹರಿದದ್ದು ನನ್ನದೂ ತಪ್ಪು ಎಂದು ಆಂಜಿ ಗೋಡೆ ನೋಡಿಕೊಂಡು ಹೇಳಿದ.

ಅಲ್ಲಿಗೆ ಮುಗಿಯಬಹುದಿತ್ತು. ಮೂರನೆಯ ಪ್ರಶ್ನೆಗೆ ಉತ್ತರ ಹೇಳಿದವರು ದೊಡ್ಡಗಂಗಮ್ಮ. ಮೊಮ್ಮಗನ ಮಾನ ಹೋದದ್ದು ಬಸ್‌ಸ್ಟಾಪಿನಲ್ಲಿ, ಫ್ಲೆಕ್ಸಿನಲ್ಲಿ. ಚಪ್ಪರದ ಕೆಳಗೆ ಗುಟ್ಟಾಗಿ ಕೇಳಿದ ಕ್ಷಮೆ ಅದಕ್ಕೆ ಸರಿಸಮವಲ್ಲ. ಕ್ಷಮೆಯೂ ಫ್ಲೆಕ್ಸಿನಲ್ಲೇ ಬರಬೇಕು, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಇಬ್ಬರ ಫೋಟೊ ಒಂದೇ ಸಮ ಇರಬೇಕು. ಹಾಗಾದರೆ ಸೋಮವಾರ ಅರ್ಜಿ ವಾಪಸು.

ಅನಸೂಯಮ್ಮನಿಗೆ ಈ ಯೋಚನೆ ಬಹಳ ಹಿಡಿಸಿತು. ಹಿಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಯಾರಿಗೂ ಹೇಳಲಿಲ್ಲ. ಮಾನಸಳಿಗೆ ಫೋನು ಮಾಡಿ, ಭಾನುವಾರ ಬೆಳಗ್ಗೆ ಬಾ, ಒಂದು ಹೊಸ ತರಹದ್ದು ತೋರಿಸುತ್ತೇನೆ ಎಂದರು. ಆಮೇಲೆ ಹುಡುಗರ ಕೈಗೆ ಬಿಟ್ಟರೆ ಮತ್ತೆ ಟಗರು ಬಂದೀತೆಂದು ನರೇಶನಿಗೆ ತಾವೇ ಫೋನು ಮಾಡಿದರು. ಕಿರೀಟ ಬೇಡ. ಮಿಂಚು ಬೇಡ, ಕೂಲಿಂಗ್ ಗ್ಲಾಸ್ ಬೇಡ, ಥಳುಕು ಬಣ್ಣ ಯಾವುದೂ ಬೇಡ. ಎರಡು ಫೋಟೊ, ಸಮ ಅಳತೆ. ಕೆಳಗೆ ‘ನಡೆದುದಕ್ಕೆ ತೀವ್ರ ವಿಷಾದವಿದೆ, ಎಲ್ಲರೂ ಕ್ಷಮಿಸಬೇಕು’ ಎಂದು ಬರೆ. ಒಟ್ಟಿನಲ್ಲಿ ಗಂಭೀರವಾಗಿರಬೇಕು.

ನರೇಶ್ ಒಂದು ಸಲ ಮಾತ್ರ ಕೇಳಿದ. “ತುಂಬ ಗಂಭೀರಾನಾ ಅಕ್ಕ?”

“ನೋಡ್ದೋರು ಒಂದ್ನಿಮಿಷ ಸುಮ್ನೆ ನಿಂತ್ಕೋಬೇಕು ನೋಡು, ಅಷ್ಟು.”

ಆ ಕಡೆ ಅವನ ದನಿ ಇಳಿಯಿತು. ತಾನೆಲ್ಲ ನೋಡಿಕೊಳ್ಳುತ್ತೇನೆ, ನೀವು ಧೈರ್ಯವಾಗಿರಿ ಎಂದ. ಎಂಥ ಒಳ್ಳೆಯ ಹುಡುಗ ಎಂದುಕೊಂಡರು ಅನಸೂಯಮ್ಮ.

ನರೇಶನ ಕಂಪ್ಯೂಟರಿನಲ್ಲಿ ಇದ್ದ ಮಾದರಿಗಳು ಎರಡೇ ಜಾತಿಯವು. ಒಂದು ಹುಟ್ಟುಹಬ್ಬ, ಹಬ್ಬ, ಗೆಲುವುಗಳಿಗೆ. ಇನ್ನೊಂದು ಗಂಭೀರ.

ಭಾನುವಾರ ಮುಂಜಾನೆ ಅವನ ಕೆಲಸಗಾರರು ಬಂದು ಫ್ಲೆಕ್ಸು ಕಟ್ಟಿ, ಬೈಕಿಗೆ ಕಿಕ್ ಕೂಡ ಹೊಡೆಯದೆ ಸದ್ದಿಲ್ಲದೆ ತಳ್ಳಿಕೊಂಡು ಹೋದರಂತೆ. ಮೊದಲು ನೋಡಿದವರು ಮುನಿರಾಮಪ್ಪ. ಹಾಲು ಹಾಕಿ ಮನೆಗೆ ಬಂದು, ಕ್ಯಾನು ಕೆಳಗಿಟ್ಟು, ಕೈಕಾಲು ತೊಳೆದು, ಆಮೇಲೆ ಹೇಳಿದರು.

“ಫ್ಲೆಕ್ಸು ಬಂದದೆ. ಒಂಚೂರು ಜಾಸ್ತಿ ಗಂಭೀರ ಆಗದೆ.”

ಅನಸೂಯಮ್ಮ ಹೋಗಿ ನೋಡಿದರು. ಬೂದುಬಣ್ಣದ ಮೋಡ. ಮೋಡದ ನಡುವೆ ಕಪ್ಪುಬಿಳುಪಿನಲ್ಲಿ ಅಮರನಾಥ ಮತ್ತು ಆಂಜಿ, ಇಬ್ಬರೂ ನಗುತ್ತಿದ್ದರು. ಇಬ್ಬರ ಫೋಟೊಗಳಿಗೂ ಹೂವಿನ ಹಾರ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಹಾರಿಹೋಗುತ್ತಿರುವ ಎರಡು ಬಿಳಿ ಪಾರಿವಾಳ. ವಿಷಾದದ ಸಾಲು ಹೇಳಿದಂತೆಯೇ ಇತ್ತು, ಕಾಗುಣಿತ ಕೂಡ ತಪ್ಪಿರಲಿಲ್ಲ. ಅದರ ಕೆಳಗೆ, ಮಾದರಿಯಲ್ಲಿ ಮೊದಲೇ ಇದ್ದದ್ದನ್ನು ತೆಗೆಯಲು ಮನಸ್ಸು ಬಾರದೆ ಬಿಟ್ಟ ಇನ್ನೊಂದು ಸಾಲಿತ್ತು: ‘ಮತ್ತೆ ಹುಟ್ಟಿ ಬನ್ನಿ. ಇಂತಿ ಗೆಳೆಯರ ಬಳಗ.’ ಫೋಟೊಗಳ ಅಳತೆ ಮಾತ್ರ ಸರಿಸಮವಾಗಿತ್ತು.

ಫ್ಲೆಕ್ಸಿನ ಎದುರು ಜನ ಸೇರಿದ್ದರು. ಅನಸೂಯಮ್ಮ ಬಯಸಿದಂತೆಯೇ ಬಂದವರೆಲ್ಲ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಮಾಲೂರಿನ ಮೊದಲ ಬಸ್ಸು ಬಂತು. ಡ್ರೈವರು ಹಾರ್ನ್ ಹೊಡೆಯದೆ ನಿಧಾನ ಮಾಡಿದ. ಕಿಟಕಿಗಳಿಂದ ಫೋನುಗಳು ಹೊರಗೆ ಬಂದು ಫೋಟೊ ತೆಗೆದುಕೊಂಡು ಒಳಗೆ ಹೋದವು.

ಅಮರನಾಥ ಅಷ್ಟು ಹೊತ್ತಿಗೆ ಎಂದಿನಂತೆ ರಸ್ತೆಯಲ್ಲಿ ಓಡಿಕೊಂಡು ಬಂದ. ಗುಂಪು ಕಂಡು ಹಿಂದೆ ನಿಂತು, ಏದುಸಿರಿನಲ್ಲೇ ಯಾರು ಹೋದದ್ದು ಎಂದು ಮುಂದಿನ ಮುದುಕರನ್ನು ಕೇಳಿದ. ಅವರು ತಿರುಗಿ ನೋಡಲಿಲ್ಲ.

“ನಮ್ಮ ಅಮರನಾಥ ಕಣಪ್ಪ. ಪಾಪ, ಪೊಲೀಸ್ ಕೆಲ್ಸ ಆಗೋದ್ರಲ್ಲಿತ್ತು.”

ಯಾವಾಗ ಎಂದು ಅವನು ಕೇಳಿದ. ನಿನ್ನೆ ಸಂಜೆ ಇರಬೇಕು ಎಂದರು ಅವರು. ಅಮರನಾಥ ಕತ್ತೆತ್ತಿ ತನ್ನ ನಗುಮುಖ ನೋಡಿದ. ಮುದುಕರು ಹಿಂತಿರುಗಿ ಅವನ ಬೆವರಿದ ಮುಖ ನೋಡಿದರು, ನೋಡಿ ಅಲ್ಲೇ ನೆಲಕ್ಕೆ ಕೂತರು.

ಬಸ್ಸಿನ ಫೋಟೊಗಳು ಬಸ್ಸಿಗಿಂತ ವೇಗವಾಗಿ ಹೋಗಿದ್ದವು. ಮುಳಬಾಗಿಲಿನ ಕಡೆ ಆವನಿಯಲ್ಲಿದ್ದ ಅಮರನಾಥನ ಸೋದರತ್ತೆ ಕದಿರಮ್ಮ ಒಂದು ಟೆಂಪೊ ತುಂಬ ನೆಂಟರನ್ನು ಕಟ್ಟಿಕೊಂಡು ಹೊರಟಿದ್ದರು. ಶ್ರೀನಿವಾಸಪುರದಿಂದ ಆಂಜಿಯ ಅಮ್ಮನ ಕಡೆಯವರು ಹಾರಗಳೊಂದಿಗೆ ಬರುತ್ತಿದ್ದರು. ಬದುಕಿದ್ದಾರೆ, ಬರಬೇಡಿ ಎಂದು ಮಾಡಿದ ಫೋನು ಕರೆಗಳನ್ನು, ದಾರಿಯಲ್ಲಿ ಎದೆ ಒಡೆಯದಿರಲೆಂದು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ಅವರು ಇನ್ನೂ ಜೋರಾಗಿ ಅತ್ತರು. ಕೋಲಾರದಿಂದ ಹೊಸ ತರಹದ್ದು ನೋಡಲು ಬಂದ ಮಾನಸ ಬಸ್ಸಿಳಿದವಳೇ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವಳ ಮುಂದೆ ಒಂದು ಲೋಟ ನೀರು ಹಿಡಿದವನು ಆಂಜಿ. ಅವಳು ನೀರು ಕುಡಿಯುವ ಬದಲು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ದೊಡ್ಡಗಂಗಮ್ಮ ಕೊನೆಗೆ ಬಂದರು. ಫ್ಲೆಕ್ಸಿನ ಎದುರು ನಿಂತು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ. ಅದನ್ನು ಇಳಿಸಿ ಎಂದಷ್ಟೇ ಹೇಳಿದರು. ಹುಡುಗರು ಇಳಿಸಿ ಮಡಿಚುತ್ತಿರುವಾಗ, ನಾಳೆ ಠಾಣೆಯಲ್ಲಿ ನೋಡಿಕೊಳ್ಳುತ್ತೇನೆ, ಅರ್ಜಿ ವಾಪಸಿಲ್ಲ ಎಂದು ಮನೆಯ ಕಡೆ ತಿರುಗಿದರು.

ಅನಸೂಯಮ್ಮ ಹಿಂದೆಯೇ ಓಡಿದರು. ಓಡುತ್ತಲೇ ವಿವರಿಸಿದರು. ನರೇಶ್ ಹೀಗೆ ಮಾಡುತ್ತಾನೆಂದು ತಮಗೇನು ಗೊತ್ತು, ತಾವು ಹೇಳಿದ್ದು ಬಣ್ಣ ಬೇಡ ಎಂದು, ದೀಪ ಹಾಕು ಎಂದಿರಲಿಲ್ಲ, ಪಾರಿವಾಳದ ಮಾತಂತೂ ಬಂದೇ ಇರಲಿಲ್ಲ. ಅಜ್ಜಿ ನಡೆಯುತ್ತಲೇ ಇದ್ದರು. ಟ್ಯಾಂಕಿನ ಬಳಿ ಆಂಜಿ ಅಡ್ಡ ಬಂದ.

“ಅಕ್ಕ, ನಮ್ಗೆಲ್ಲ ಏನ್ ಹೇಳ್ತೀಯ? ನೆಪ ಬೇಡ, ಕೂತ್ಕೊಂಡು ಮಾತಾಡಿ ಅಂತೀಯ. ನೀನೂ ಕೂತ್ಕೋ.”

ಅನಸೂಯಮ್ಮ ಕೊರಳಿನ ಟೇಪನ್ನು ತೆಗೆದು, ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡರು. ಅಜ್ಜಿ ನಿಂತರು. ಈ ಮಾತು ಅವರಿಗೆ ನ್ಯಾಯವಾಗಿ ಕಂಡಿತು. ಸ್ವಲ್ಪ ಕುತೂಹಲವೂ ಆಯಿತು.

ಹೀಗೆ ಚಪ್ಪರದ ಕೆಳಗೆ ಮೊದಲ ಸಲ ಅನಸೂಯಮ್ಮ ತಪ್ಪಿತಸ್ಥರ ಜಾಗದಲ್ಲಿ ಕೂತರು. ಅವರ ಕುರ್ಚಿಯಲ್ಲಿ ದೊಡ್ಡಗಂಗಮ್ಮ. ಅಮರನಾಥ, ಆಂಜಿ, ಮಾನಸ ಮೂವರೂ ಅಭ್ಯಾಸಬಲದಿಂದ ಒಂದೊಂದು ರವಿಕೆ ಎತ್ತಿಕೊಂಡು ಹುಕ್ಕು ಹಾಕತೊಡಗಿದರು. ಏನಾಯ್ತು ಎಂದು ಅಜ್ಜಿ ಕೇಳಿದರು. ಅನಸೂಯಮ್ಮ ಎರಡೇ ಮಾತಿನಲ್ಲಿ ಮುಗಿಸಲು ನೋಡಿದರು, ಅಜ್ಜಿ ಬಿಡಲಿಲ್ಲ. ಫೋನಿನಲ್ಲಿ ಮೊದಲು ಏನಂದೆ? ಅವನು ಏನಂದ? ಧೈರ್ಯವಾಗಿರಿ ಅಂದಾಗ ನಿನಗೆ ಏನೂ ಅನ್ನಿಸಲಿಲ್ಲವಾ? ಆಗ ಕೈಯಲ್ಲಿ ಏನಿತ್ತು? ಆಮೇಲೆ? ಪ್ರಶ್ನೆಗಳ ರುಚಿ ಅಜ್ಜಿಯ ಮುಖದಲ್ಲಿ ಕಾಣುತ್ತಿತ್ತು. ಆ ಕುರ್ಚಿಯಲ್ಲಿ ಕೂತರೆ ಎಷ್ಟು ಹಿತವೋ ಎದುರಿನ ಸ್ಟೂಲಿನಲ್ಲಿ ಅಷ್ಟೇ ಕಷ್ಟ ಎಂಬುದು ಅನಸೂಯಮ್ಮನಿಗೆ ಅವತ್ತು ತಿಳಿಯಿತು.

ಮಾನಸಳನ್ನು ಯಾಕೆ ಕರೆಸಿದೆ ಎಂದು ಅಜ್ಜಿ ಕೇಳಿದರು. ಅನಸೂಯಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. ಕೋಲಾರದ ಟ್ರಸ್ಟಿನ ಮೀಟಿಂಗಿನಲ್ಲಿ ಆ ಫ್ಲೆಕ್ಸಿನ ಫೋಟೊ ತೋರಿಸಬೇಕು ಎಂದಿತ್ತು. ಕಲ್ಲುಕುಂಟೆಯ ಅನಸೂಯಮ್ಮ ಎಂದರೆ ಎಲ್ಲರೂ ತಿರುಗಿ ನೋಡಬೇಕು ಎಂದಿತ್ತು. ಅದಕ್ಕೇ ಹುಡುಗರನ್ನು ಒಂದು ಮಾತು ಕೇಳದೆ ತಾವೇ ಫೋನು ಮಾಡಿದರು. ಹುಡುಗರ ಕ್ಷಮೆಯನ್ನು ಹುಡುಗರೇ ಬರೆಯಬೇಕಿತ್ತು.

ಹುಕ್ಕು ಹಾಕುವವರು ಯಾರೂ ತಲೆ ಎತ್ತಲಿಲ್ಲ. ಅಜ್ಜಿ ಎರಡನೆಯ ಪ್ರಶ್ನೆ ಕೇಳಲಿಲ್ಲ. ಬಗ್ಗಿ ಟೇಪನ್ನು ಇಸಿದುಕೊಂಡು ತಮ್ಮ ಕೊರಳಿಗೆ ಹಾಕಿಕೊಂಡರು.

“ನಮ್ಮನೆ ಗೋಡೇಲಿ ಅಂಥ ಫೋಟೊ ಒಂದದೆ ಕಣೇ, ನನ್ ಮಗಂದು. ಅದೇ ಹಾರ, ಅದೇ ದೀಪ. ಇನ್ನೊಂದಕ್ಕೆ ಮೊಳೆ ಹೊಡಿಯೋಷ್ಟು ಜಾಗ ಇಲ್ಲ ನನ್ತಾವ.”

“ತಪ್ಪಾಯ್ತು ಅವ್ವ” ಎಂದರು ಅನಸೂಯಮ್ಮ. ಈ ಸಲ ಅದರ ಹಿಂದೆ ಮುಂದೆ ಏನೂ ಸೇರಿಸಲಿಲ್ಲ.

ಅಷ್ಟರಲ್ಲಿ ಆವನಿಯ ಟೆಂಪೊ ಬಂದು ನಿಂತಿತು. ಅದರ ಹಿಂದೆಯೇ ಶ್ರೀನಿವಾಸಪುರದ ಹಾರಗಳು. ಮೂರನೆಯ ಪ್ರಶ್ನೆಯನ್ನು ಅಜ್ಜಿ ನಿಂತುಕೊಂಡೇ ತೀರ್ಮಾನಿಸಿದರು. ಸಾವಿಗೆಂದು ಹೊರಟು ಬಂದವರನ್ನು ಹಾಗೇ ವಾಪಸು ಕಳಿಸಿದರೆ ಅಶುಭ ಹುಡುಗರ ಮೇಲೆ ಉಳಿಯುತ್ತದೆ. ಬಂದವರೆಲ್ಲ ಸಿಹಿ ತಿಂದು ಹೋಗಬೇಕು. ಅನಸೂಯ ಪಾಯಸ ಮಾಡಬೇಕು, ಸತ್ತವರಿಬ್ಬರೂ ತಮ್ಮ ಕೈಯಿಂದ ಬಡಿಸಬೇಕು.

ಮುನಿರಾಮಪ್ಪ ಮಾತಿಲ್ಲದೆ ಹಾಲಿನ ಕ್ಯಾನು ತಂದರು. ಸಂಜೆ ಡೇರಿಗೆ ಹಾಕಬೇಕಿದ್ದ ಹಾಲನ್ನು ಅವತ್ತು ಮಧ್ಯಾಹ್ನವೇ ಕರೆದಿದ್ದರು. ಶ್ಯಾವಿಗೆ ಪಾಯಸ ಕುದಿಯುವವರೆಗೆ ಟೆಂಪೊದವರು ಅಳುವುದೋ ಬಿಡುವುದೋ ತಿಳಿಯದೆ ಚಪ್ಪರದ ಕೆಳಗೆ ಕೂತಿದ್ದರು. ಕದಿರಮ್ಮ ಮಾತ್ರ ಕಣ್ಣನ್ನು ನಂಬಲು ಸಿದ್ಧರಿರಲಿಲ್ಲ. ಅಮರನಾಥ ಎಲೆ ಹಾಕಲು ಬಗ್ಗಿದಾಗ ಅವನ ತೋಳನ್ನು ಹಿಡಿದು ಬಲವಾಗಿ ಚಿವುಟಿದರು. ಅವನು ಕಿರುಚಿದ.

“ಬತಿಕೇ ಉನ್ನಾವಾರಾ?” ಎಂದು ಕದಿರಮ್ಮ ತೆಲುಗಿನಲ್ಲಿ ಕೇಳಿದರು, ಬದುಕೇ ಇದ್ದೀಯೇನೋ ಎಂದು. ಬದುಕಿರುವುದು ಖಚಿತವಾದ ಮೇಲೆ, ಬೆಳಗ್ಗೆಯಿಂದ ಸುರಿಸಿದ ಕಣ್ಣೀರಿನ ಸಿಟ್ಟಿಗೆ ಬೆನ್ನ ಮೇಲೆ ಒಂದು ಏಟು ಹಾಕಿದರು.

ಬಡಿಸುವುದು ಸಂಜೆಯವರೆಗೂ ನಡೆಯಿತು, ಏಕೆಂದರೆ ಫೋಟೊ ತಲುಪಿದ ಊರುಗಳಿಂದ ಜನ ಬರುತ್ತಲೇ ಇದ್ದರು. ಅಮರನಾಥ ಪಾಯಸ ಬಿಟ್ಟುಕೊಂಡು ಹೋದರೆ ಆಂಜಿ ಹಿಂದೆಯೇ ನೀರು ಬಿಡುತ್ತಿದ್ದ. ಬಂದವರು ಹಾರಗಳನ್ನು ಎಲ್ಲಿಡುವುದು ಎಂದು ತಿಳಿಯದೆ ಇವರಿಬ್ಬರ ಕೊರಳಿಗೇ ಹಾಕಿದರು. ನನ್ನ ಫೋಟೊಗಿಂತ ನಿನ್ನದೇ ಚೆನ್ನಾಗಿ ಬಂದಿತ್ತು ಕಣ್ಲಾ ಎಂದು ಅಮರನಾಥ ಒಮ್ಮೆ ಹೇಳಿದ್ದು ಕೇಳಿಸಿತು. ಬದುಕಿರುವಾಗ ನಿನ್ನ ಮೂತಿ ಅಷ್ಟಕ್ಕಷ್ಟೇ, ಬಿಡು ಎಂದ ಆಂಜಿ. ಇಬ್ಬರೂ ನಕ್ಕರು. ದೊಡ್ಡಗಂಗಮ್ಮ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಅರ್ಜಿಯ ವಿಷಯ ಏನು ಮಾಡಿದಿರಿ ಎಂದು ಅನಸೂಯಮ್ಮ ಮೆಲ್ಲಗೆ ಕೇಳಿದ್ದಕ್ಕೆ, ನಾಳೆ ನೋಡೋಣ ಎಂದಷ್ಟೇ ಹೇಳಿ ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಸೋಮವಾರ ಎಲ್ಲರೂ ಠಾಣೆಗೆ ಹೋದರು. ಅಮರನಾಥ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದ. ಸಬ್‌ಇನ್‌ಸ್ಪೆಕ್ಟರು ಅವನನ್ನೂ ಆಂಜಿಯನ್ನೂ ಒಬ್ಬರಾದ ಮೇಲೆ ಒಬ್ಬರಂತೆ ದಿಟ್ಟಿಸಿದರು. ಭಾನುವಾರದ ಫೋಟೊ ಅವರ ಫೋನಿಗೂ ಬಂದಿತ್ತು ಎಂಬುದು ಅವರ ಮುಖದಲ್ಲೇ ತಿಳಿಯುತ್ತಿತ್ತು. ಅಜ್ಜಿಯ ಕಡೆ ತಿರುಗಿ, ಈ ಹುಡುಗನ ಮೇಲೆ ನಿಮ್ಮ ದೂರು ಇದೆಯೋ ಇಲ್ಲವೋ ಎಂದು ಕೇಳಿದರು.

ದೊಡ್ಡಗಂಗಮ್ಮ ಸೆರಗು ಸರಿಮಾಡಿಕೊಂಡರು.

ದೂರು ಇತ್ತು, ಈಗಿಲ್ಲ ಎಂದರು ಅಜ್ಜಿ. ಹಾಗಾದರೆ ಹೇಳಿಕೆ ಬರೆದುಕೊಡಿ ಎಂದರು ಸಬ್‌ಇನ್‌ಸ್ಪೆಕ್ಟರು. ಅಜ್ಜಿಗೆ ಬರೆಯಲು ಬಾರದು. ಬರೆದುಕೊಡುತ್ತೇನೆಂದು ಅನಸೂಯಮ್ಮ ಕೈ ಚಾಚಿದರು, ಏನೋ ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಅಜ್ಜಿ ಅಮರನಾಥನನ್ನು ತೋರಿಸಿದರು. ಪೊಲೀಸ್ ಆಗುವವನು ತಾನೇ, ಇವನೇ ಬರೆಯಲಿ, ನಾನು ಹೇಳುತ್ತೇನೆ.

ಅಮರನಾಥ ಬೆಂಚಿನ ಮೇಲೆ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಅಜ್ಜಿ ಮೊದಲಿನಿಂದ ಹೇಳಿದರು, ಟಗರು, ಫ್ಲೆಕ್ಸು, ಬಾಲ, ಒಂದನ್ನೂ ಬಿಡದೆ. ಅವನು ಬರೆಯುತ್ತ ಬಂದ. ಬರೆದದ್ದನ್ನು ಓದು ಎಂದರು.

“ಆಗ ಅಮರನಾಥನ ಕೈ ತಾಗಿ ನನ್ನ ಮೊಮ್ಮಗನು ಬಿದ್ದು...”

“ಕೈ ತಾಗಿ ಅಲ್ಲ. ತಳ್ಳಿದ ಅಂತ ಬರಿ.”

ಪೆನ್ನು ನಿಂತಿತು. ತನ್ನ ಮೇಲಿನ ಆ ಮಾತನ್ನು ತನ್ನ ಕೈಯಿಂದಲೇ ಠಾಣೆಯಲ್ಲಿ ಬರೆದಿಡಬೇಕು. ಅವನು ಆಂಜಿಯ ಕಡೆ ನೋಡಿದ. ಅಮರನಾಥ ಬರೆದದ್ದರ ಮೇಲೆ ಗೆರೆ ಎಳೆದು, ‘ತಳ್ಳಿದನು, ನಂತರ ತಪ್ಪು ಒಪ್ಪಿಕೊಂಡ ಕಾರಣ ನನಗೆ ಯಾವ ದೂರೂ ಇರುವುದಿಲ್ಲ’ ಎಂದು ಬರೆದು ಓದಿ ಹೇಳಿದ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು. ಸರಿ ಎಂದರು.

ಇಂಕ್ ಪ್ಯಾಡು ಬಂತು. ದೊಡ್ಡಗಂಗಮ್ಮ ಹೆಬ್ಬೆಟ್ಟನ್ನು ಚೆನ್ನಾಗಿ ಅದ್ದಿ ಹಾಳೆಯ ಕೆಳಗೆ ಒತ್ತಿದರು. ಒತ್ತಿದ ಮೇಲೆ ಒರೆಸಿಕೊಳ್ಳಲು ಅತ್ತಿತ್ತ ನೋಡಿ, ಹತ್ತಿರವೇ ಇದ್ದ ಅಮರನಾಥನ ಬಿಳಿ ಷರ್ಟಿನ ತೋಳಿಗೆ ಒರೆಸಿದರು, ಒಂದು ಸಲವಲ್ಲ, ಎರಡೂ ಮಗ್ಗುಲು ತಿರುಗಿಸಿ. ಅಮರನಾಥ ಅಲುಗಾಡಲಿಲ್ಲ, ಅವರಿಗೆ ಅನುಕೂಲವಾಗಲೆಂದು ತೋಳನ್ನು ಇನ್ನೊಂದಿಷ್ಟು ಮುಂದೆ ಚಾಚಿದ. ಆ ಕಲೆ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ ಎಂಬುದು ಬಟ್ಟೆಯವರಾದ ಅನಸೂಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ.